ಏಳು ಗಂಟೆಯ ಬಾಟಲಿ

ಬೆಳಗಿನ ಏಳು ಗಂಟೆಯ ಬಾಟಲಿಗೆ ಅಜ್ಜಿ ಇರಲೇಬೇಕಿತ್ತು. ಕೊಟ್ಟಿಗೆಯಲ್ಲಿ ಎರಡನೆಯ ಹಸುವಿನ ಕೆಚ್ಚಲು ಬರಿದಾಗುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಕಿಟಕಿಯಿಂದ ಸೊಸೆಯ ದನಿ ಬರುತ್ತಿತ್ತು: "ಅತ್ತೇ, ಬನ್ನಿ, ಶುರುವಾಯ್ತು." ಶುರುವಾಗುತ್ತಿದ್ದುದು ಅಳು. ಅಜ್ಜಿ ಹಾಲಿನ ಬಕೆಟ್ಟಿಗೆ ಬಟ್ಟೆ ಮುಚ್ಚಿ, ತೊಟ್ಟಿಯ ತಣ್ಣೀರಿನಲ್ಲಿ ಕೈ ಅದ್ದಿ ಕೊಡವಿ, ಸೊಂಟಕ್ಕೆ ಸಿಕ್ಕಿಸಿಕೊಂಡ ಬಟ್ಟೆಗೆ ಒರೆಸಿಕೊಳ್ಳುತ್ತ ಹಿಂಬಾಗಿಲ ಮೆಟ್ಟಿಲು ಹತ್ತುತ್ತಿದ್ದಳು. ಮಂಡಿನೋವು ಆ ಹೊತ್ತಿಗೆ ನೆನಪಿಗೇ ಬರುತ್ತಿರಲಿಲ್ಲ.

ಐದು ತಿಂಗಳ ಹೆಣ್ಣು ಕೂಸು. ಹುಟ್ಟಿದಾಗ ಉಬ್ಬಿದ ಕೆನ್ನೆ, ಮಡಿಕೆ ಮಡಿಕೆ ತೊಡೆ. ಗುಂಡಮ್ಮ ಎಂದು ಮೊದಲು ಕರೆದವಳು ಅಜ್ಜಿಯೇ. ಈಗ ಆ ಹೆಸರು ಬಾಯಿಗೆ ಬಂದರೆ ನಾಲಿಗೆ ಕಚ್ಚಿಕೊಳ್ಳುವಂತಾಗಿತ್ತು. ಹೆರಿಗೆಯಾದ ಮೂರನೇ ದಿನ ಸೊಸೆಗೆ ಜ್ವರ ಏರಿ, ಹದಿನೆಂಟು ದಿನ ಆಸ್ಪತ್ರೆಯಲ್ಲೇ ಮಲಗಿ, ಎದ್ದು ಬರುವಷ್ಟರಲ್ಲಿ ಎದೆಹಾಲು ಬತ್ತಿಹೋಗಿತ್ತು. ಕೂಸು ಡಬ್ಬಿಯ ಪುಡಿಗೆ ಬಿತ್ತು. ಎರಡು ತಿಂಗಳು ಹಾಗೂ ಹೀಗೂ ನಡೆಯಿತು. ಆಮೇಲೆ ಕುಡಿದದ್ದೆಲ್ಲ ಕಕ್ಕುವುದು, ಮಂಡಿ ಹೊಟ್ಟೆಗೆ ಸೇರಿಸಿಕೊಂಡು ಕಿರುಚುವುದು, ಗಲ್ಲದ ಮೇಲೆ ಒರಟು ಕೆಂಪು ಗಂಧೆ. ಒಂದು ದಿನ ಒದ್ದೆಬಟ್ಟೆ ಬಿಚ್ಚಿದ ಸೊಸೆ ಅದನ್ನು ಅತ್ತೆಯ ಮುಂದೆ ಹಿಡಿದಳು. ಲೋಳೆಯ ನಡುವೆ ಕೆಂಪು ನೂಲಿನಂಥ ಎರಡು ಎಳೆ.

ನೋಡಿದ ತಕ್ಷಣ ಅಜ್ಜಿ ಅದನ್ನು ಕಸಿದು ಮುದುರಿದ್ದು ಸೊಸೆಗೆ ಕಂಡಿತ್ತು. ಯಾಕೆಂಬುದು ಮಾತ್ರ ಗೊತ್ತಾಗಲಿಲ್ಲ.

ಮಕ್ಕಳ ಡಾಕ್ಟರಮ್ಮ ಸಣ್ಣ ದನಿಯವಳು, ಅವಸರವಿಲ್ಲದವಳು. ಕೂಸಿನ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ತಟ್ಟಿ ನೋಡಿ, ತೂಕ ಹಾಕಿ, "ಹಸುವಿನ ಹಾಲು ಒಗ್ತಾ ಇಲ್ಲ ಅನ್ಸುತ್ತೆ. ಸದ್ಯಕ್ಕೆ ಅನುಮಾನ ಅಷ್ಟೇ" ಎಂದಳು.

"ಹಸುವಿನ ಹಾಲು ಕೊಟ್ಟೇ ಇಲ್ವಲ್ಲ ತಾಯಿ. ಡಬ್ಬಿ ಪುಡಿ ಕುಡಿಯೋ ಕೂಸು ಇದು."

"ಆ ಡಬ್ಬಿಯೊಳಗಿರೋದೂ ಹಸುವಿನ ಹಾಲೇ ಅಜ್ಜಿ. ಒಣಗಿಸಿದ್ದಾರೆ ಅಷ್ಟೇ."

ಅಜ್ಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಲವತ್ತು ವರ್ಷದಿಂದ ಹಾಲು ಕರೀತಿದೀನಿ. ನಮ್ಮ ಕೊಟ್ಟಿಗೆ ಹಾಲು ಕುಡಿದು ಅರ್ಧ ಊರು ಬೆಳೆದಿದೆ. ಈ ಮನೆ ಕೂಸಿಗೇ ಹಾಲು ಒಗ್ಗಲ್ಲ ಅಂದ್ರೆ ಜನ ಏನಂದಾರು?"

"ಜನ ಏನಾದ್ರೂ ಅನ್ಲಿ. ಮಗುವಿನ ಕರುಳು ಏನನ್ನುತ್ತೆ ನೋಡೋಣ." ಡಾಕ್ಟರಮ್ಮ ಬೇರೊಂದು ಪುಡಿಯ ಹೆಸರು ಬರೆದಳು. ಅದರಲ್ಲೂ ಹಾಲಿನ ಸತ್ವವೇ ಇದೆ, ಆದರೆ ಮೈಗೆ ಗುರುತು ಸಿಗದಷ್ಟು ನುಚ್ಚುನೂರು ಮಾಡಿರುತ್ತಾರೆ ಎಂದು ವಿವರಿಸಿದಳು. "ಇದೊಂದು ಬಿಟ್ಟು ಹಾಲು, ಮೊಸರು, ಬೆಣ್ಣೆ ಏನೂ ಬಾಯಿಗೆ ಹೋಗಬಾರದು. ಒಂದು ಹನಿಯೂ. ಮೇಕೆ ಹಾಲೂ ಬೇಡ. ಎರಡರಿಂದ ನಾಲ್ಕು ವಾರದಲ್ಲಿ ತಿಳಿಯುತ್ತೆ. ಆಗ್ಲೂ ರಕ್ತ ನಿಲ್ಲದಿದ್ರೆ ಅದು ಬೇರೆ ಏನೋ. ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ, ಅಲ್ಲಿ ಮತ್ತಿನ ಔಷಧಿ ಕೊಟ್ಟು ಸಣ್ಣ ನಳಿಕೆ ಹಾಕಿ ಕರುಳನ್ನ ನೋಡ್ತಾರೆ." ಬರೆಯುತ್ತಲೇ ಕೇಳಿದಳು: "ಮನೇಲಿ ಹಿಂದೆ ಯಾರಿಗಾದ್ರೂ ಚಿಕ್ಕಂದಿನಲ್ಲಿ ಹೀಗಾಗಿತ್ತಾ?"

"ಇಲ್ಲ" ಎಂದಳು ಅಜ್ಜಿ, ಪ್ರಶ್ನೆ ಮುಗಿಯುವ ಮೊದಲೇ.

ಆಗಿತ್ತು. ಈಗ ಹಾಲಿನ ವ್ಯಾನು ಓಡಿಸುವ ಮಗ ಹುಟ್ಟುವುದಕ್ಕೂ ಮೂರು ವರ್ಷ ಮೊದಲು ಒಂದು ಹೆಣ್ಣುಮಗುವಿತ್ತು. ಅಜ್ಜಿಗೆ ಆಗ ಇಪ್ಪತ್ತೊಂದು. ಬಾಣಂತಿ ಜ್ವರದಲ್ಲಿ ಅವಳ ಎದೆಯೂ ಬತ್ತಿತ್ತು. ಕೊಟ್ಟಿಗೆ ತುಂಬ ಹಾಲಿರುವಾಗ ಯೋಚನೆ ಯಾಕೆ ಎಂದರು ಎಲ್ಲರೂ. ಕೂಸು ಸೊರಗಿದಷ್ಟೂ ಅವಳು ಹಾಲು ಗಟ್ಟಿ ಮಾಡಿದಳು, ಸೊರಗಿದಷ್ಟೂ ಹೆಚ್ಚು ಕುಡಿಸಿದಳು. ಬಟ್ಟೆಯಲ್ಲಿ ಕೆಂಪು ಎಳೆ ಕಂಡಾಗ, ಬಾವಿಯ ಹತ್ತಿರ ಒಬ್ಬಳೇ ಕೂತು ಒಗೆದು ಹಾಕಿದಳು, ಯಾರಿಗೂ ಹೇಳಲಿಲ್ಲ. ನಾಲ್ಕು ತಿಂಗಳಿಗೆ ಆ ಕೂಸು ಹೋಯಿತು. ಹೊಟ್ಟೆ ಕೆಟ್ಟು ಹೋಯಿತು ಎಂದರು ಜನ. ಅವಳೂ ಹಾಗೆಯೇ ಅಂದುಕೊಂಡಿದ್ದಳು, ಡಾಕ್ಟರಮ್ಮನ ಮೇಜಿನ ಮುಂದೆ ಕೂರುವವರೆಗೂ.

ಹೊಸ ಡಬ್ಬಿ ಬಂತು. ಮುಚ್ಚಳ ತೆಗೆದರೆ ಹಳೆಯ ಗೋಣಿಚೀಲ ನೆನೆಸಿಟ್ಟಂಥ ವಾಸನೆ. ಅಜ್ಜಿ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ಮುಖ ಹಿಂಡಿದಳು. "ಕಹಿ ಕಹಿ. ಇದನ್ನ ಕುಡಿ ಅಂದ್ರೆ ನಾನೂ ಅಳ್ತೀನಿ."

ಕೂಸು ಅತ್ತಿತು. ಬಾಟಲಿಯ ತೊಟ್ಟು ತುಟಿಗೆ ತಾಗಿದರೆ ಸಾಕು, ಕತ್ತು ತಿರುಗಿಸಿ, ಬೆನ್ನು ಬಿಲ್ಲಾಗಿಸಿ ಒದರುತ್ತಿತ್ತು. ಮೊದಲ ದಿನ ಮುಗಿಯುವಾಗ ಮೂರು ಬಾಟಲಿಯಷ್ಟೂ ಹೊಟ್ಟೆಗೆ ಹೋಗಿರಲಿಲ್ಲ. ಸೊಸೆ ಶಾಲೆಯ ಟೀಚರು, ಈಗ ರಜೆಯಲ್ಲಿದ್ದಳು. ದೊಡ್ಡ ರಟ್ಟಿನ ಮೇಲೆ ಗೆರೆ ಎಳೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು: ಎಷ್ಟು ಹೊತ್ತಿಗೆ, ಎಷ್ಟು ಕುಡಿಯಿತು, ಎಷ್ಟು ಕಕ್ಕಿತು. ರಕ್ತ ಕಂಡ ದಿನ ಕೊನೆಯ ಮನೆಯಲ್ಲಿ ಕೆಂಪು ಪೆನ್ನಿನ ಒಂದು ಚುಕ್ಕೆ. ಅಜ್ಜಿಗೆ ಅಕ್ಷರ ಅಷ್ಟಕ್ಕಷ್ಟೆ. ಚುಕ್ಕೆ ಓದಲು ಅಕ್ಷರ ಬೇಕಿರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ದಾರಿ ಹೊಳೆದದ್ದು ಅಜ್ಜಿಗೆ. ತಾಯಿಯಿಂದ ಬಿಡಿಸಿದ ಕರುವಿಗೆ ಬಕೆಟ್ಟಿನಿಂದ ಕುಡಿಯುವುದನ್ನು ಕಲಿಸುವ ಉಪಾಯ ಅವಳಿಗೆ ಕರಗತವಾಗಿತ್ತು. ಕರುವಿನ ಬಾಯಿಗೆ ಮೊದಲು ಬೆರಳು ಕೊಡಬೇಕು. ಅದು ಚೀಪುತ್ತ ಮೈಮರೆತಾಗ ಮೆಲ್ಲಗೆ ಬೆರಳನ್ನು ಬಕೆಟ್ಟಿನೊಳಗೆ ಇಳಿಸಿ, ತಿಳಿಯದ ಹಾಗೆ ಹಿಂದಕ್ಕೆ ಎಳೆದುಕೊಳ್ಳಬೇಕು. ಆಗಷ್ಟೇ ಕರೆದು ಬಂದಿದ್ದ ಅಜ್ಜಿ ಸೊಸೆಯ ಕೈಯಿಂದ ಕೂಸನ್ನು ತೆಗೆದುಕೊಂಡು, ತೋರುಬೆರಳು ಮಡಿಸಿ ಅದರ ಗಿಣ್ಣನ್ನು ಬಾಯಿಗಿಟ್ಟಳು. ಅಳು ಟಕ್ಕನೆ ನಿಂತಿತು. ಕೂಸು ಆಸೆಯಿಂದ, ಲೊಚಲೊಚ ಸದ್ದು ಮಾಡುತ್ತ ಚೀಪಿತು. ಅಜ್ಜಿ ಬೆರಳು ಜಾರಿಸಿ ಆ ಜಾಗಕ್ಕೆ ತೊಟ್ಟು ಸೇರಿಸಿದಳು. ಒಂದು ಕ್ಷಣ ಹುಬ್ಬು ಗಂಟಿಕ್ಕಿದ ಕೂಸು ಗುಟುಕು ನುಂಗಿತು. ಇನ್ನೊಂದು. ಮತ್ತೊಂದು.

ಸೊಸೆ ನೆಲದ ಮೇಲೆ ಕುಸಿದು ಕೂತು ಗಳಗಳ ಅತ್ತಳು. "ಅತ್ತೆ, ನೀವಿಲ್ಲದಿದ್ರೆ ಏನು ಗತಿ?"

"ಕರುವಿಗಾದರೆ ಬಾಲ ಇರುತ್ತೆ, ಅಲ್ಲಾಡಿಸಿ ಥ್ಯಾಂಕ್ಸ್ ಹೇಳುತ್ತೆ" ಎಂದಳು ಅಜ್ಜಿ. ಹೊಸ ಡಬ್ಬಿ ಬಂದ ಮೇಲೆ ಆ ಮನೆಯಲ್ಲಿ ಮೊದಲ ಸಲ ನಗು ಕೇಳಿಸಿತು.

ಅಂದಿನಿಂದ ಪ್ರತಿ ಬಾಟಲಿಗೂ ಅಜ್ಜಿಯ ಬೆರಳೇ ಮುಂದಾಳು. ಅದರಲ್ಲೂ ಬೆಳಗಿನ ಏಳರ ಬಾಟಲಿ ಮತ್ತು ಸಂಜೆ ಆರರ ಬಾಟಲಿ ಎಲ್ಲಕ್ಕಿಂತ ಸಲೀಸು. ಯಾಕೆ ಆ ಎರಡೇ ಅಷ್ಟು ಚೆನ್ನಾಗಿ ಹೋಗುತ್ತವೆ ಎಂದು ಯಾರೂ ಕೇಳಲಿಲ್ಲ. ಹೋದರೆ ಸಾಕಿತ್ತು.

ಮನೆಯಲ್ಲಿ ಕಟ್ಟುನಿಟ್ಟೂ ಬಿಗಿಯಾಯಿತು. ಕೂಸಿನ ಪಾತ್ರೆಗೆ ಬೇರೆ ಒಲೆ, ಬೇರೆ ಚಮಚ, ಬೇರೆ ಉಜ್ಜುವ ನಾರು. ಮಗ ವ್ಯಾನಿನಿಂದ ಇಳಿದವನು ಅಂಗಿ ಬದಲಿಸದೆ ಕೂಸನ್ನು ಮುಟ್ಟುವಂತಿರಲಿಲ್ಲ. ಪಕ್ಕದ ಮನೆಯ ಮೇಕೆಯಕ್ಕ ಒಂದು ಚೊಂಬು ಮೇಕೆ ಹಾಲು ತಂದು, "ಈ ಡಾಕ್ಟರುಗಳು ಹೇಳ್ತಾರೆ ಬಿಡಿ. ನಾಲ್ಕು ಹನಿ ಹಾಕಿ ನೋಡಿ, ನನ್ನ ಮೇಕೆ ಹಾಲಿಗೆ ಸತ್ತವರೂ ಎದ್ದು ಕೂರ್ತಾರೆ" ಎಂದಾಗ, ಅಜ್ಜಿಯೇ ಬಾಗಿಲಿಗೆ ಅಡ್ಡ ನಿಂತಳು. "ಸತ್ತವರಿಗೆ ಕೊಡು ಹೋಗು. ನಮ್ಮದು ಬದುಕಿದೆ."

ಹತ್ತು ದಿನಕ್ಕೆ ಗಲ್ಲದ ಗಂಧೆ ಒಣಗಿತು. ಕಕ್ಕುವುದು ಅರ್ಧಕ್ಕರ್ಧ ಇಳಿಯಿತು. ಆದರೆ ಕೆಂಪು ಚುಕ್ಕೆ ನಿಲ್ಲಲಿಲ್ಲ. ಒಂದು ದಿನ ಬಿಟ್ಟು, ಎರಡು ದಿನ ಬಿಟ್ಟು, ಇನ್ನೇನು ನಿಂತಿತು ಅನ್ನುವಾಗ ಮತ್ತೆ. ತೂಕದ ಗೆರೆ ಏಳಲಿಲ್ಲ. ಮಧ್ಯಾಹ್ನ ಕೂಸು ಮಲಗಿದಾಗ ಅಜ್ಜಿ ಅದರ ಮೂಗಿನ ಹತ್ತಿರ ಕೆನ್ನೆ ತಂದು ಉಸಿರು ತಾಗುವವರೆಗೂ ಕಾಯುತ್ತಿದ್ದಳು. ಆ ಮೊದಲ ಕೂಸಿನದೇ ಕಡ್ಡಿ ಮಣಿಕಟ್ಟು, ಅದೇ ಬೆಪ್ಪು ಬೆಪ್ಪು ದೊಡ್ಡ ಕಣ್ಣು. ಬಾವಿಯ ಹತ್ತಿರದ ಆ ದಿನಗಳು ನಲವತ್ತು ವರ್ಷ ದಾಟಿ ಬಂದು ತೊಟ್ಟಿಲ ಪಕ್ಕ ಕೂತಂತೆ ಅನಿಸುತ್ತಿತ್ತು.

ಹತ್ತೊಂಬತ್ತನೆಯ ದಿನ ಎಳೆಗಳು ಎರಡಲ್ಲ, ಐದು. ಸೊಸೆ ಗೋಡೆಯ ರಟ್ಟಿನ ಮುಂದೆ ಬಹಳ ಹೊತ್ತು ನಿಂತಿದ್ದು, ತಿರುಗದೆಯೇ ಕೇಳಿದಳು. "ಅತ್ತೆ, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ನೀವೇನಾದ್ರೂ... ಪಾಪ, ಸೊರಗಿದೆ ಅಂತ... ಒಂದು ಚಮಚ ಹಾಲು ಹಾಕಿದ್ರಾ?"

ಅಜ್ಜಿಗೆ ಕೆನ್ನೆಗೆ ಹೊಡೆದಂತಾಯಿತು. "ನಾನಾ?"

"ಕೇಳ್ತಿದೀನಿ ಅಷ್ಟೇ."

"ಇದನ್ನ ಕೇಳೋದಾ ನೀನು ನನ್ನ?" ಅಜ್ಜಿ ನೇರ ಹೋಗಿ ತೊಟ್ಟಿಲಲ್ಲಿದ್ದ ಕೂಸಿನ ತಲೆಯ ಮೇಲೆ ಬಲಗೈಯಿಟ್ಟಳು. "ಈ ಕೂಸಿನಾಣೆ. ಒಂದು ಹನಿ ಹಾಲು ನಾನು ಇದರ ಬಾಯಿಗೆ ಹಾಕಿಲ್ಲ. ಹಾಕಿದ್ರೆ ಈ ಕೈ ಸೇದಿಹೋಗ್ಲಿ."

ಮಗ ಒಳಬಂದವನು ಇಬ್ಬರ ಮುಖ ನೋಡಿ, "ಅಮ್ಮ ಸುಳ್ಳು ಹೇಳೋರಲ್ಲ ಕಣೇ" ಎಂದ ಮೆಲ್ಲಗೆ. ಸೊಸೆ ತಲೆ ತಗ್ಗಿಸಿದಳು. "ಹಾಗಾದ್ರೆ ಅದು ಬೇರೆ ಏನೋ" ಎಂದಳು. ಆ ಮಾತು ಅಡುಗೆಮನೆಯಲ್ಲಿ ಹಾಗೇ ಉಳಿಯಿತು. ಬೇರೆ ಏನೋ. ಫೋನಿನಲ್ಲಿ ಡಾಕ್ಟರಮ್ಮನೂ ಅದನ್ನೇ ಅಂದಳು. ಮೂರು ದಿನ ಬಿಟ್ಟು ಬನ್ನಿ, ದೊಡ್ಡಾಸ್ಪತ್ರೆಗೆ ಕಾಗದ ಕೊಡುತ್ತೇನೆ, ಅಲ್ಲಿ ಉಳಿಯಬೇಕಾಗಬಹುದು.

ಹೊರಡುವ ದಿನ ಬೆಳಿಗ್ಗೆ ಬಟ್ಟೆಯ ಚೀಲ ಬಾಗಿಲ ಬಳಿ ಕೂತಿತ್ತು. ಅಜ್ಜಿ ಎಂದಿನಂತೆ ಕೊಟ್ಟಿಗೆಗೆ ಹೋದಳು. ಕಂಬದ ಗೂಡಿನಲ್ಲಿ ಬೆಣ್ಣೆಯ ಪುಟ್ಟ ಕರಡಿಗೆ. ಕರೆಯುವ ಮುನ್ನ ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಕೆಚ್ಚಲ ಮೊಲೆಗಳಿಗೆ ಸವರುವುದು ಅವಳ ಅತ್ತೆ ಕಲಿಸಿದ್ದು. ಹಸುವಿಗೆ ಹಿತ, ಕೈಯೂ ಜಾರುತ್ತದೆ. ಬಲಗೈ ಬೆರಳ ಗಿಣ್ಣುಗಳು ನಲವತ್ತು ವರ್ಷದ ಕೆಲಸಕ್ಕೆ ಒಡೆದು ಬಿರುಕು ಬಿಟ್ಟಿದ್ದವು. ಉಳಿದ ಬೆಣ್ಣೆಯನ್ನು ಅದಕ್ಕೇ ತಿಕ್ಕಿಕೊಳ್ಳುತ್ತಿದ್ದಳು. ಉಸಿರಾಡುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಇದೂ ಹಾಗೆಯೇ.

ಕರೆದು ಎದ್ದು, ತೊಟ್ಟಿಯಲ್ಲಿ ಕೈ ಅದ್ದಿ ಕೊಡವಿ, ಒರೆಸಿಕೊಂಡಳು. ದಾರಿಯಲ್ಲಿ ಕಟ್ಟಿದ್ದ ಎಳೆಗರು ಕತ್ತು ಚಾಚಿ ಅವಳ ಬೆರಳು ಹಿಡಿಯಿತು. "ಬಿಡೇ, ನಿನಗೆ ಆಯ್ತಲ್ಲ" ಎಂದು ಎಡಗೈ ಕೊಟ್ಟು ಬಲಗೈ ಬಿಡಿಸಿಕೊಳ್ಳಲು ನೋಡಿದಳು. ಕರು ಎಡಗೈಯನ್ನು ಮೂಸಿ ಬಿಟ್ಟಿತು. ಮತ್ತೆ ಬಲಗೈಗೇ ಬಂದು, ಗಿಣ್ಣನ್ನು ಬಾಯೊಳಗೆಳೆದುಕೊಂಡು ಆಸೆಯಿಂದ, ಲೊಚಲೊಚ ಸದ್ದು ಮಾಡುತ್ತ ಚೀಪತೊಡಗಿತು.

ಆ ಸದ್ದು. ಅಜ್ಜಿ ಹೆಜ್ಜೆಯಿಟ್ಟವಳು ಹಾಗೇ ನಿಂತಳು.

ಬೆರಳನ್ನು ಎಳೆದುಕೊಂಡು ತೊಟ್ಟಿಗೆ ಹೋಗಿ ಮತ್ತೆ ತೊಳೆದಳು. ಒರೆಸಿದಳು. ಬೆಳಕಿಗೆ ಹಿಡಿದು ಗಿಣ್ಣಿನ ಬಿರುಕನ್ನು ಒತ್ತಿದಳು. ಒಳಗಿನಿಂದ ಬಿಳಿಯ ಜಿಡ್ಡು ಕೂದಲೆಳೆಯಷ್ಟು ಎದ್ದುಬಂತು. ನಾಲಿಗೆಗೆ ತಾಗಿಸಿದಳು. ಬೆಣ್ಣೆ, ಅದರ ಹಿಂದೆ ಆಗಷ್ಟೇ ಕರೆದ ಹಾಲು.

ಅಡುಗೆಮನೆಯ ಕಿಟಕಿಯಿಂದ ಕೂಗು ಬಂತು. "ಅತ್ತೇ, ಬನ್ನಿ, ಶುರುವಾಯ್ತು."

ಅವಳು ಹೋಗಲಿಲ್ಲ. ಹುಲ್ಲಿನ ಹೊರೆಯ ಮೇಲೆ ಕೂತುಬಿಟ್ಟಳು. ಇಪ್ಪತ್ತು ದಿನ. ದಿನಕ್ಕೆ ಏಳು ಸಲ. ಕೂಸಿನ ತಲೆಯ ಮೇಲಿಟ್ಟು ಆಣೆ ಮಾಡಿದ್ದೂ ಇದೇ ಕೈ. ಒಂದನ್ನು ನುಂಗಿದ್ದು ಸಾಲದೆಂದು ಇನ್ನೊಂದನ್ನೂ, ಎಂದು ಯಾರೋ ಕಿವಿಯಲ್ಲಿ ಅಂದಂತಾಯಿತು.

ಹೇಳದೇ ಇರಬಹುದಿತ್ತು. ಇವತ್ತಿನಿಂದ ಬಿಸಿನೀರು, ಸೋಪು ಹಾಕಿ ಉಜ್ಜಿದರೆ ಯಾರಿಗೂ ತಿಳಿಯದು. ರಕ್ತ ನಿಂತರೆ ಹೊಸ ಪುಡಿಯ ಪುಣ್ಯ ಅನ್ನುತ್ತಾರೆ. ಹೇಳಿದರೆ ಸೊಸೆ ಮತ್ತೆಂದೂ ಕೂಸನ್ನು ಈ ಮಡಿಲಿಗೆ ಹಾಕಲಿಕ್ಕಿಲ್ಲ. ಮಗ ಅಂದದ್ದು ನೆನಪಾಯಿತು: ಅಮ್ಮ ಸುಳ್ಳು ಹೇಳೋರಲ್ಲ. ಆದರೆ ಬಾಗಿಲ ಬಳಿ ಚೀಲ ಕೂತಿತ್ತು. ಇವತ್ತು ಕಾಗದ ಬರೆಸಿಕೊಂಡರೆ ನಾಳೆ ಆ ಹಕ್ಕಿಮರಿಯಂಥ ಮೈಗೆ ಮತ್ತಿನ ಔಷಧಿ, ನಳಿಕೆ. ಬಾವಿಯ ಹತ್ತಿರ ಒಂದು ಸಲ ಬಾಯಿ ಮುಚ್ಚಿಕೊಂಡು ಏನಾಯಿತೆಂದು ಅವಳಿಗೆ ಗೊತ್ತಿತ್ತು.

"ಅತ್ತೇ!"

ಅಜ್ಜಿ ಮೆಟ್ಟಿಲು ಹತ್ತಿದಳು. ಅಳುವ ಕೂಸನ್ನು ಚಾಚಿದ ಸೊಸೆಯಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ನನ್ನ ಕೈಗೆ ಕೊಡಬೇಡ."

"ಏನಾಯ್ತು?"

"ಬೇರೆ ಏನೋ ಅಲ್ಲ ಅದು. ನಾನೇ."

ಹೇಳಿದಳು. ಕರು, ಬೆಣ್ಣೆ, ಬಿರುಕು. ಕೂಸಿನ ಕಿರುಚಾಟದ ನಡುವೆ ಒಂದೊಂದು ಮಾತನ್ನು ಎರಡೆರಡು ಸಲ ಹೇಳಬೇಕಾಯಿತು. ಬಾಗಿಲಲ್ಲಿ ನಿಂತಿದ್ದ ಮಗ ವ್ಯಾನಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದ. "ಅಮ್ಮಾ, ನೀನು ಆಣೆ..." ಎಂದ.

ಸೊಸೆ ಮಾತ್ರ, "ಕೈ ತೋರಿಸಿ" ಎಂದಳು, ಟೀಚರಿನ ದನಿಯಲ್ಲಿ. ಅಜ್ಜಿ ತೋರಿಸಿದಳು. ಸೊಸೆ ಬಾಗಿ ಗಿಣ್ಣನ್ನು ಮೂಸಿದಳು. "ಪ್ರತಿ ಸಲ ನಾನೇ ಕರೆದೆ" ಎಂದಳು. "ಕಿಟಕಿಯಿಂದ ಕೂಗಿ ಕೂಗಿ ಕರೆದೆ. ಬೇಗ ಬನ್ನಿ, ಬೇಗ ಬನ್ನಿ ಅಂತ. ಶಾಲೇಲಿ ನಲವತ್ತು ಮಕ್ಕಳ ಉಗುರು ನೋಡೋಳು ನಾನು. ನಿಮ್ಮ ಕೈ ನೋಡ್ಲಿಲ್ಲ."

ಕ್ಷಮಿಸಿದೆ ಎಂದು ಹೇಳಲಿಲ್ಲ. ಅಜ್ಜಿ ಕೇಳಲೂ ಇಲ್ಲ.

ಡಾಕ್ಟರಮ್ಮ ಎಲ್ಲವನ್ನೂ ಕೇಳಿ, ಅಜ್ಜಿಯ ಬೆರಳನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದಳು. "ಇದೇ ಕಾರಣ ಅಂತ ನಾನು ಬರೆದುಕೊಡಲಾರೆ. ಇರಬಹುದು. ಕೆಲವು ಮಕ್ಕಳಿಗೆ ಇಷ್ಟೂ ಸಾಕು. ಜ್ವರ ಇಲ್ಲ, ಹೊಟ್ಟೆ ಮೆತ್ತಗಿದೆ, ಹಾಗಾಗಿ ಎರಡು ವಾರ ಕಾಯೋಣ. ರಕ್ತ ಜಾಸ್ತಿಯಾದ್ರೆ, ಮಂಕಾದ್ರೆ, ಒಂದು ಗಂಟೆಯೂ ಕಾಯದೆ ಬನ್ನಿ." ಬರೆದಿದ್ದ ಕಾಗದವನ್ನು ಹರಿಯಲಿಲ್ಲ, ಮಡಿಸಿ ಕಡತದೊಳಗಿಟ್ಟಳು. ಅಜ್ಜಿಯ ಕಣ್ಣು ಆ ಕಡತದ ಮೇಲೆಯೇ ಇತ್ತು.

ಎದ್ದು ಹೊರಡುವಾಗ ಅಜ್ಜಿ ಎಂದಳು: "ಅವತ್ತು ಕೇಳಿದ್ರಲ್ಲ, ಹಿಂದೆ ಯಾರಿಗಾದ್ರೂ ಅಂತ. ಒಂದಿತ್ತು. ನನ್ನ ಮೊದಲನೇದು. ಹೆಣ್ಣು."

ಮಗ ತಿರುಗಿ ತಾಯಿಯನ್ನು ನೋಡಿದ. ತನಗೊಬ್ಬಳು ಅಕ್ಕ ಇದ್ದಳೆಂಬುದು ಅವನಿಗೆ ಆ ದಿನದವರೆಗೆ ತಿಳಿದಿರಲಿಲ್ಲ.

ಮನೆಗೆ ಬಂದ ಮೇಲೆ ಅಜ್ಜಿ ಬೆಣ್ಣೆಯ ಕರಡಿಗೆಯನ್ನು ಮೇಕೆಯಕ್ಕನ ಕೈಗೆ ಕೊಟ್ಟು ಕರೆಯುವ ಕೆಲಸವನ್ನೂ ಒಪ್ಪಿಸಿದಳು. "ಬಿಸಿನೀರು, ಸೋಪು ಸಾಕು ಅಂದ್ರಲ್ಲ ಡಾಕ್ಟ್ರು" ಎಂದ ಮಗ. "ಅವರಿಗೆ ಸಾಕು. ನನಗೆ ಸಾಲದು" ಎಂದಳು. ಹಸುಗಳು ಹೊಸ ಕೈಗೆ ಒದ್ದವು. ಮೇಕೆಯಕ್ಕ, "ನಿಮ್ಮ ಹಸುವಿಗೂ ನನಗೂ ಯಾವ ಜನ್ಮದ ಜಗಳವೋ" ಎಂದು ಬೈಯುತ್ತ ಅರ್ಧ ಬಕೆಟ್ಟು ತರುತ್ತಿದ್ದಳು.

ಕೂಸು ತಾಯಿಯ ಬೆರಳನ್ನು ಒಪ್ಪಲಿಲ್ಲ. ಅದರಲ್ಲಿ ರುಚಿಯಿರಲಿಲ್ಲ. ಅಜ್ಜಿ ಹೊಸ್ತಿಲಲ್ಲಿ ನಿಂತು, ಎರಡೂ ಕೈಯನ್ನು ಕಂಕುಳಲ್ಲಿ ಅದುಮಿಕೊಂಡು, ಬಾಯಲ್ಲೇ ಕಲಿಸಿದಳು. "ಗಿಣ್ಣು ಮೇಲಕ್ಕೆ... ಅಂಗುಳಕ್ಕೆ ತಾಗಿಸು. ಅವಸರ ಮಾಡಬೇಡ, ಕರುವಿಗೂ ಅವಸರ ಆಗಲ್ಲ. ಈಗ... ಈಗ ಜಾರಿಸು." ಒಂದು ಬಾಟಲಿಗೆ ಒಂದೂವರೆ ಗಂಟೆ ಹಿಡಿದ ದಿನಗಳಿದ್ದವು. ಮೂರನೆಯ ದಿನ ಚುಕ್ಕೆ ಬಿತ್ತು. ಐದನೆಯ ದಿನ ಬಿತ್ತು. ಆಮೇಲೆ ರಟ್ಟಿನಲ್ಲಿ ಒಂದು ಖಾಲಿ ಮನೆ, ಇನ್ನೊಂದು ಖಾಲಿ ಮನೆ. ಯಾರೂ ಬಾಯಿಬಿಟ್ಟು ಎಣಿಸಲಿಲ್ಲ. ಪ್ರತಿ ಸಲ ಬಟ್ಟೆ ಬಿಚ್ಚುವಾಗ ಮೂವರೂ ಉಸಿರು ಹಿಡಿಯುತ್ತಿದ್ದರು. ನೋಡಿ ಮಡಿಸಿದ ಮೇಲೂ ಅಜ್ಜಿ ಅದನ್ನು ಮತ್ತೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಳು.

ಹನ್ನೊಂದನೆಯ ದಿನ, ಏಳರ ಬಾಟಲಿ ಮುಗಿದ ಮೇಲೆ ಸೊಸೆ ಹೊಸ್ತಿಲ ಬಳಿ ಬಂದಳು. "ಕೈ ತೋರಿಸಿ."

ಅಲ್ಲೇ ಕೂತಿದ್ದ ಅಜ್ಜಿ ಎರಡೂ ಕೈ ಚಾಚಿದಳು. ಸೊಸೆ ಉಗುರು ನೋಡಿದಳು, ಅಂಗೈ ನೋಡಿದಳು, ತಿರುಗಿಸಿ ಗಿಣ್ಣುಗಳನ್ನು ಒಂದೊಂದಾಗಿ ನೋಡಿದಳು. ಬೆಣ್ಣೆಯಿಲ್ಲದೆ ಬಿರುಕುಗಳು ಒಣಗಿ, ಎರಡು ಕಡೆ ರಕ್ತ ಜಿನುಗಿ ಹೆಪ್ಪುಗಟ್ಟಿತ್ತು. ಸೊಸೆ ಕೂಸನ್ನು ಅವಳ ಮಡಿಲಿಗೆ ಇಳಿಸಿದಳು.

ತೂಕ ಒಂದಿಷ್ಟು ಏರಿತ್ತು. ಅಥವಾ ಹಾಗೆ ಅನಿಸಿತೋ. ಅಜ್ಜಿ ಬೆರಳು ತಾಗದ ಹಾಗೆ ಮೊಣಕೈಗಳ ನಡುವೆ ಕೂಸನ್ನು ಹಿಡಿದಳು. ಹಳೆಯ ವಾಸನೆ ಗುರುತಿಸಿದ ಕೂಸು ಮುಖ ತಿರುಗಿಸಿ, ಪುಟ್ಟ ಬಾಯಿ ತೆರೆದು, ಅವಳ ಬಲಗೈಯನ್ನು ಹುಡುಕತೊಡಗಿತು. "ಬೇಡ ಕಣೆ ಗುಂಡಮ್ಮ" ಎಂದಳು ಅಜ್ಜಿ, ಬಹಳ ದಿನಗಳ ನಂತರ ಆ ಹೆಸರಿನಿಂದ. ಕೂಸು ಇನ್ನೂ ಹುಡುಕುತ್ತಲೇ ಇತ್ತು. ಅಜ್ಜಿ ಕೂಸನ್ನು ಎಡತೋಳಿಗೆ ಒರಗಿಸಿ, ಬಲಮುಷ್ಟಿಯನ್ನು ಬಿರುಕುಗಳು ಉರಿಯುವಷ್ಟು ಬಿಗಿಯಾಗಿ ಮುಚ್ಚಿ, ಬೆನ್ನ ಹಿಂದೆ ಇಟ್ಟುಕೊಂಡಳು.